ಗೋಡೆಗಂಟಿದ ಹದಿನಾಲ್ಕು ಕುರ್ಚಿಗಳು

ಮಲೆಟ್ ಪಾಯಿಂಟಿನ ವರ್ಬೀನಾ ಸ್ಟ್ರಿಕ್‌ಲ್ಯಾಂಡ್ ಯಾರದಾದರೂ ಮನೆಯೊಳಗೆ ಕಾಲಿಟ್ಟರೆ ಅಲ್ಲಿನ ಸೋಫಾಗಳು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದವು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಫ್ಲೋರಿಡಾದ ಆ ಕರಾವಳಿಯಲ್ಲಿ ಆಕೆ ಕೈಯಾಡಿಸಿ ಅಂದಗೊಳಿಸದ ಮನೆಯೇ ಉಳಿದಿರಲಿಲ್ಲ. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಗಂಡಹೆಂಡಿರು, ಆಕೆ ಊಟದ ಮೇಜನ್ನು ಒಂದು ಮೊಳ ಸರಿಸಿದ ಸಂಜೆಯೇ, ಜಗಳಕ್ಕಾದರೂ ಸರಿ, ಬಾಯಿ ಬಿಟ್ಟಿದ್ದರು. ಒಂದು ವರ್ಷ ಬಿರುಗಾಳಿ ಬಂದು ಅರ್ಧ ಊರಿನ ಚಾವಣಿಗಳನ್ನು ಕೊಲ್ಲಿಗೆ ಎಸೆದಾಗಲೂ ಆಕೆ ಇಟ್ಟ ಕುರ್ಚಿಗಳು ಇಟ್ಟಲ್ಲೇ ಇದ್ದವು. ಅದಕ್ಕಿಂತ ಒಳ್ಳೆಯ ಜಾಗ ಬಿರುಗಾಳಿಗೂ ಹೊಳೆಯಲಿಲ್ಲ ಎಂದು ಮೀನುಪೇಟೆಯಲ್ಲಿ ಇವತ್ತಿಗೂ ಹೇಳುತ್ತಾರೆ.

ಆಕೆಯ ಗುಟ್ಟು ಇಷ್ಟೇ. ಕೆಲಸ ಹಿಡಿದ ಮನೆಯಲ್ಲಿ ಮೊದಲ ದಿನ ಏನನ್ನೂ ಮುಟ್ಟುತ್ತಿರಲಿಲ್ಲ. ಆ ಮನೆಯ ಪ್ರತಿ ಕುರ್ಚಿಯಲ್ಲೂ ಒಂದೊಂದು ತಾಸು ಸುಮ್ಮನೆ ಕೂರುತ್ತಿದ್ದಳು. ಅಲ್ಲಿಂದ ಯಾರ ಮುಖ ಕಾಣುತ್ತದೆ, ಯಾರದು ಕಾಣುವುದಿಲ್ಲ ಎಂದು ನೋಡುತ್ತಿದ್ದಳು. ಅಷ್ಟು ನೋಡಿದವಳಿಗೆ ಅಳತೆಪಟ್ಟಿ ಬೇಕಾಗುತ್ತಿರಲಿಲ್ಲ.

ಸ್ವಂತ ಮನೆಯಲ್ಲಿ ಮಾತ್ರ ಒಂದೇ ಒಂದು ಕುರ್ಚಿ, ಅಡುಗೆಮನೆಯ ಕಿಟಕಿಗೆ ಮುಖ ಮಾಡಿ. ಒಂಬತ್ತು ವರ್ಷದ ಹಿಂದೆ ಅಕ್ಕ ತೀರಿಕೊಂಡಾಗ ಎರಡನೆಯದನ್ನು ಚರ್ಚಿಗೆ ಕೊಟ್ಟುಬಿಟ್ಟಿದ್ದಳು. ಊರಿನ ಹಜಾರಗಳನ್ನೆಲ್ಲ ಮಾತಿನಿಂದ ತುಂಬಿಸಿದವಳ ಹಜಾರದಲ್ಲಿ ಸದ್ದು ಮಾಡುತ್ತಿದ್ದದ್ದು ಫ್ರಿಜ್ ಒಂದೇ. ಅದಕ್ಕೂ ಆಗಾಗ ಬೇಜಾರಾಗಿ ಸುಮ್ಮನಾಗುತ್ತಿತ್ತು.

ಹೀಗಿರುವಾಗ ಊರಿನ ವೃದ್ಧಾಶ್ರಮದ ಮೇಲ್ವಿಚಾರಕಿ ಟ್ವೈಲಾ ಬಂದು ಬಾಗಿಲು ತಟ್ಟಿದಳು.

"ಮಿಸ್ ವರ್ಬೀನಾ, ನಮ್ಮ ಹಜಾರಕ್ಕೆ ಏನಾದ್ರೂ ಮಾಡ್ಕೊಡಿ. ಹದಿನಾಲ್ಕು ಜನ ಇದಾರೆ, ಹದಿನಾಲ್ಕು ಜನಾನೂ ಉಪ್ಪಿನಕಾಯಿ ಭರಣಿ ಥರ ಸಾಲಾಗಿ ಕೂತಿರ್ತಾರೆ."

ವರ್ಬೀನಾ ಹೋಗಿ ಎರಡು ದಿನದಲ್ಲಿ ಹದಿನಾಲ್ಕು ತಾಸು ಕೂತಳು. ಕುರ್ಚಿಗಳೆಲ್ಲ ಗೋಡೆಗೆ ಅಂಟಿದ್ದವು. ಹದಿನಾಲ್ಕರಿಂದಲೂ ಕಂಡದ್ದು ಒಂದೇ, ಟೀವಿ. ಎನಾಕ್ ಎಂಬ ಮುದುಕ, ನಲವತ್ತು ವರ್ಷ ಸಮುದ್ರದಲ್ಲಿ ಸಿಂಪಿ ಹಿಡಿದವನು, ಹೇಳಿದ: "ಪಕ್ಕದಲ್ಲಿ ಕೂರ್ತಾನಲ್ಲ, ಮೂರು ವರ್ಷದಿಂದ ಅವನ ಬಲಗಿವಿ ನೋಡ್ತಾ ಇದೀನಿ. ಮುಖ ಹೆಂಗಿದೆಯೋ ದೇವರಿಗೇ ಗೊತ್ತು."

ಆಕೆ ನಕ್ಷೆ ಬರೆದಳು. ಟೀವಿಯ ಹಿಂದಿನ ಅಡ್ಡಗೋಡೆ ಅರ್ಧಕ್ಕೆ ಇಳಿಯಬೇಕು, ಸಮುದ್ರದ ಬೆಳಕು ಒಳಗೆ ಬರಬೇಕು, ಕುರ್ಚಿಗಳು ಎರಡೆರಡಾಗಿ ಎದುರುಬದುರು ಕೂರಬೇಕು. ಕೆಳಗೆ ಹೆಮ್ಮೆಯಿಂದ ಸಹಿ ಹಾಕಿದಳು. ಆ ಸಹಿಯೇ ಕುತ್ತಾಯಿತು. ಯಾರೋ ದೂರು ಕೊಟ್ಟರು, ತಿಂಗಳೊಳಗೆ ಸರ್ಕಾರದ ಮಂಡಳಿಯಿಂದ ಕಾಗದ ಬಂತು. ಜನರ ಮನೆಗಳಲ್ಲಿ ಆಕೆ ಏನು ಬೇಕಾದರೂ ಮಾಡಬಹುದು. ವೃದ್ಧಾಶ್ರಮ ಮನೆಯಲ್ಲ, ವ್ಯವಹಾರದ ಜಾಗ. ಅಲ್ಲಿ ನಕ್ಷೆ ಬರೆಯಲು ಒಳಾಂಗಣ ವಿನ್ಯಾಸಕಿಯ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಓದು, ಇನ್ನೊಬ್ಬರ ಕೈಕೆಳಗಿನ ತರಬೇತಿ ಸೇರಿ ಆರು ವರ್ಷ, ಆಮೇಲೆ ಪರೀಕ್ಷೆ.

"ನಂಗೀಗ ಅರವತ್ನಾಲ್ಕು," ಎಂದಳು ವರ್ಬೀನಾ. "ಎಪ್ಪತ್ತಕ್ಕೆ ಪಾಸಾದ್ರೆ ನಕ್ಷೆ ಯಾಕೆ, ನೇರ ಹೋಗಿ ಹದಿನೈದನೇ ಕುರ್ಚೀಲಿ ಕೂತ್ಕೋಬಹುದು."

ಟ್ವೈಲಾ ನಗಲಿಲ್ಲ. ಹೆದರಿ, ಅಷ್ಟಿಷ್ಟು ಸರಿಸಿದ್ದ ಕುರ್ಚಿಗಳನ್ನೂ ಗೋಡೆಗೆ ತಳ್ಳಿದಳು.

ಆ ಚಳಿಗಾಲದಲ್ಲೇ ರಾಜಧಾನಿ ತಲಹಾಸಿಯಲ್ಲಿ ಈ ಲೈಸೆನ್ಸನ್ನೇ ತೆಗೆದುಹಾಕುವ ಮಸೂದೆಯೊಂದು ಬಂತು. ಸಮಿತಿಯ ಮುಂದೆ ಯಾರು ಬೇಕಾದರೂ ಬಂದು ಎರಡು ನಿಮಿಷ ಮಾತಾಡಬಹುದು. ಎರಡು ನಿಮಿಷ! ವರ್ಬೀನಾ ಮೂರು ಪುಟ ಬರೆದಳು. ಅದನ್ನು ಕಿಟಕಿಗೆ, ಫ್ರಿಜ್ಜಿಗೆ, ಹಿತ್ತಲಿನ ಪೆಲಿಕನ್ ಹಕ್ಕಿಗೆ ಓದಿ ಹೇಳಿದಳು. ಪೆಲಿಕನ್ ಎರಡನೇ ಪುಟಕ್ಕೆ ಕಣ್ಣೀರು ಹಾಕಿತು. ನಂಬದವರು ಪೆಲಿಕನ್ನನ್ನೇ ಕೇಳಲಿ.

ಐದು ಗಂಟೆ ಗಾಡಿ ಓಡಿಸಿ ತಲಹಾಸಿ ಸೇರಿದಳು. ಬಾಗಿಲಲ್ಲಿ ಒಬ್ಬ ನೌಕರ ಚೀಟಿ ಕೊಟ್ಟ. ಅದರಲ್ಲಿ ಹೆಸರು, ಊರು, ಮಸೂದೆಯ ಸಂಖ್ಯೆ, ಕೆಳಗೆ ಎರಡು ಚೌಕ: ಪರ, ವಿರೋಧ. ವರ್ಬೀನಾಗೆ ಯೋಚಿಸುವುದೇನಿತ್ತು? ತಿಂಗಳುಗಳಿಂದ ಲೈಸೆನ್ಸನ್ನು ವಿರೋಧಿಸಿ ವಿರೋಧಿಸಿ ನಾಲಿಗೆ ಸವೆದಿತ್ತು. ವಿರೋಧದ ಚೌಕಕ್ಕೆ ಪೆನ್ನು ಕಾಗದದ ಆಚೆ ಮೂಡುವಂತೆ ಗೀಟು ಎಳೆದಳು.

"ವಿರೋಧದವರು ಎಡಗಡೆ, ಮ್ಯಾಮ್," ಎಂದ ನೌಕರ.

ಎಡಗಡೆ ಹಸಿರು ಸ್ಕಾರ್ಫ್ ಕಟ್ಟಿದ ನಲವತ್ತು ಹೆಂಗಸರು ಕೂತಿದ್ದರು. ನಡುವಿನ ಒಬ್ಬಳು ಕೈಚೀಲ ಎತ್ತಿ ಜಾಗ ಮಾಡಿಕೊಟ್ಟಳು. ಹೆಸರು ಡೆಲ್ಫಿನ್ ಕೊಲಿಯರ್.

"ಬಾ ಚಿನ್ನ, ಕೂತ್ಕೋ. ಯಾವೂರು? ಅಯ್ಯೋ, ಅಷ್ಟು ದೂರದಿಂದ ಒಬ್ಬಳೇನಾ? ತಿಂಡಿ ಆಯ್ತಾ?"

ಉತ್ತರಕ್ಕೆ ಕಾಯದೆ ಡಬ್ಬಿ ತೆರೆದಳು. ಕೆಂಪುಮೆಣಸಿನ ಚೀಸ್ ಸವರಿದ ಸ್ಯಾಂಡ್‌ವಿಚ್‌ಗಳು, ಅಂಚು ಕತ್ತರಿಸಿ ಜೋಡಿಸಿದ್ದವು. ಒಂದನ್ನು ವರ್ಬೀನಾಳ ಕೈಗಿಟ್ಟು, ಫ್ಲಾಸ್ಕಿನ ಮುಚ್ಚಳಕ್ಕೆ ಸಿಹಿ ಟೀ ಬಗ್ಗಿಸಿದಳು. ತನ್ನ ಕುತ್ತಿಗೆಯ ಸ್ಕಾರ್ಫನ್ನೇ ಬಿಚ್ಚಿ ಇವಳಿಗೆ ಕಟ್ಟಿದಳು. ಬೇರೆಯವರ ಬೆರಳು ಕುತ್ತಿಗೆ ಸೋಕಿ ಎಷ್ಟು ಕಾಲವಾಗಿತ್ತೋ, ವರ್ಬೀನಾ ಗಲ್ಲ ಎತ್ತಿ ಕಟ್ಟಿಸಿಕೊಂಡಳು.

"ನೋಡು," ಎಂದಳು ಡೆಲ್ಫಿನ್, "ಈ ಮಸೂದೆ ಪಾಸಾದ್ರೆ ನಾವು ಆರಾರು ವರ್ಷ ಒದ್ದಾಡಿ ತಗೊಂಡ ಲೈಸೆನ್ಸು ಕಸ. ಹೋಟೆಲಿಗೆ ಬೆಂಕಿ ಬಿದ್ರೆ ಯಾವ ಪರದೆ ಹೆಂಗೆ ಉರಿಯುತ್ತೆ ಅಂತ ಗೊತ್ತಿಲ್ದೋರೆಲ್ಲ ನಕ್ಷೆ ಹಿಡ್ಕೊಂಡು ಬರ್ತಾರೆ. ಇದನ್ನ ಇವತ್ತೇ ಮುಗಿಸ್ಬೇಕು."

ವರ್ಬೀನಾಗೆ ತಾನು ಯಾರ ಸಾಲಿನಲ್ಲಿ ಕೂತಿದ್ದೇನೆಂದು ಆಗ ತಿಳಿಯಿತು. ಏಳಬೇಕಿತ್ತು. ಏಳಲಿಲ್ಲ. ಟೀ ಬಿಸಿಯಾಗಿತ್ತು, ಎರಡೂ ಕಡೆಯವರ ಮೊಣಕೈ ಇವಳ ಮೊಣಕೈಗೆ ತಾಗುತ್ತಿತ್ತು, ಯಾರೋ ತನ್ನ ಅಳಿಯನ ಗೊರಕೆಯ ಕಥೆ ಹೇಳಿ ಸಾಲನ್ನೆಲ್ಲ ನಗಿಸುತ್ತಿದ್ದಳು. ವರ್ಬೀನಾಳೂ ನಕ್ಕಳು. ತನ್ನ ನಗುವಿನ ಸದ್ದು ಕೇಳಿ ತಾನೇ ಬೆಚ್ಚಿದಳು.

"ತಿಂಗಳ ಮೊದಲನೇ ಗುರುವಾರ ನಮ್ಮ ಸಂಘದ ಊಟ ಇರುತ್ತೆ," ಎಂದಳು ಡೆಲ್ಫಿನ್. "ನೀನು ಬರ್ಲೇಬೇಕು. ನನ್ನ ಪಕ್ಕದ ಕುರ್ಚಿ ನಿಂಗೇ."

ಸಭೆ ಶುರುವಾಯಿತು. ಬಲಗಡೆಯ ಪರದವರು ತಾಸುಗಟ್ಟಲೆ ಮಾತಾಡಿ ಹೊತ್ತು ತಿಂದರು. ಅಧ್ಯಕ್ಷರು ಗಡಿಯಾರ ನೋಡಿ ಹೇಳಿದರು: "ವಿರೋಧ ಇರೋರು ಒಬ್ಬೊಬ್ರೇ ಎದ್ದು, ಹೆಸರು ಹೇಳಿ, ನನ್ನ ಸಮಯ ಬಿಟ್ಕೊಟ್ಟೆ, ವಿರೋಧ ಇದೆ ಅಂದ್ರೆ ಸಾಕು. ಅದೂ ದಾಖಲಾಗುತ್ತೆ."

ಅಲ್ಲಿಯ ಪದ್ಧತಿ ಅದು. ಹಸಿರು ಸ್ಕಾರ್ಫುಗಳು ಜಪಮಣಿಯಂತೆ ಒಂದೊಂದಾಗಿ ಎದ್ದು ಕೂತವು. ಡೆಲ್ಫಿನ್ ಎದ್ದು ಕೂತಳು. ಮೊಣಕೈಯಿಂದ ಮೆಲ್ಲಗೆ ತಿವಿದಳು: "ಹೇಳ್ಬಿಡು ಚಿನ್ನ, ನಾಲ್ಕೇ ಮಾತು."

ವರ್ಬೀನಾ ಎದ್ದಳು. ಆ ನಾಲ್ಕು ಮಾತಿಗೆ ಪ್ರತಿ ತಿಂಗಳೂ ಒಂದು ಗುರುವಾರ. ಆಡದಿದ್ದರೆ ಕಿಟಕಿ ಮತ್ತು ಫ್ರಿಜ್. ನಿಂತಲ್ಲಿಂದ ಆಕೆಗೆ ಆ ಕೋಣೆಯೆಲ್ಲ ಕಂಡಿತು. ಮೇಲೆ ಕೂತ ಸದಸ್ಯರಿಗೆ ಕೆಳಗಿನವರ ನೆತ್ತಿ ಮಾತ್ರ ಕಾಣುತ್ತಿತ್ತು. ಕೆಳಗಿನವರಿಗೆ ಮುಂದಿನವರ ಬೆನ್ನು.

"ವರ್ಬೀನಾ ಸ್ಟ್ರಿಕ್‌ಲ್ಯಾಂಡ್, ಮಲೆಟ್ ಪಾಯಿಂಟ್," ಎಂದಳು. "ತಪ್ಪು ಚೌಕಕ್ಕೆ ಗೀಟು ಹಾಕ್ಬಿಟ್ಟಿದೀನಿ, ಸರ್. ನಂಗೆ ವಿರೋಧ ಇರೋದು ಲೈಸೆನ್ಸಿಗೆ. ಮಸೂದೆಗಲ್ಲ."

ಕೋಣೆ ಗೊಳ್ಳೆಂದಿತು. ಆ ನಗು ಜಾರ್ಜಿಯಾದ ಗಡಿ ದಾಟಿ ಅಲ್ಲಿನ ಹಸುಗಳನ್ನು ಎಬ್ಬಿಸಿತಂತೆ.

"ಪರದವರ ಸಮಯ ಮುಗಿದೋಯ್ತಲ್ಲ, ಮ್ಯಾಮ್. ಏನ್ಮಾಡೋಣ?" ಎಂದರು ಅಧ್ಯಕ್ಷರು.

"ಐದು ಗಂಟೆ ಗಾಡಿ ಓಡಿಸ್ಕೊಂಡು ಬಂದಿದೀನಿ ಸರ್. ಅರ್ಧ ನಿಮಿಷ ಕೊಡಿ."

"ಕೊಟ್ಟೆ. ಅದ್ರಲ್ಲಿ ಕಾಲುಭಾಗ ಆಗ್ಲೇ ಹೋಯ್ತು."

ಮೂರು ಪುಟ ಚೀಲದಲ್ಲೇ ಉಳಿಯಿತು.

"ನಮ್ಮೂರಲ್ಲಿ ಹದಿನಾಲ್ಕು ಜನ ವಯಸ್ಸಾದೋರು ಗೋಡೆಗೆ ಬೆನ್ನು ಕೊಟ್ಟು ಕೂತಿದಾರೆ. ಒಬ್ರ ಮುಖ ಒಬ್ರಿಗೆ ಕಾಣಲ್ಲ. ಎದುರುಬದುರು ಕೂರಿಸಿ ಅಂತ ನಕ್ಷೆ ಬರ್ಕೊಟ್ಟಿದ್ದು ನನ್ನ ಅಪರಾಧ. ಗೋಡೆ ನೋಡೋಕೆ ಇನ್‌ಸ್ಪೆಕ್ಟರ್ ಇದಾರೆ. ಬೆಂಕಿ ನೋಡೋಕೆ ಬೆಂಕಿಯೋರು ಇದಾರೆ. ಆ ಕುರ್ಚೀಲಿ ಕೂತ್ರೆ ಏನು ಕಾಣುತ್ತೆ ಅಂತ ನೋಡೋಕೆ ಯಾರಿದಾರೆ? ನಾನು ನೋಡಿದೀನಿ. ಹದಿನಾಲ್ಕರಲ್ಲೂ ಕೂತು ನೋಡಿದೀನಿ. ಆರು ವರ್ಷ ಓದಿದ್ರೂ ಅದನ್ನ ಯಾರೂ ಕಲಿಸಲ್ಲ, ಸರ್."

ಗಂಟೆ ಹೊಡೆಯಿತು. ಕೂರಲು ತಿರುಗಿದರೆ ಆಕೆಯ ಕುರ್ಚಿಯ ಮೇಲೆ ಡೆಲ್ಫಿನಳ ಕೈಚೀಲ ಕೂತಿತ್ತು. ವರ್ಬೀನಾ ಗೋಡೆಗೆ ಒರಗಿ ನಿಂತಳು.

ಐದರ ವಿರುದ್ಧ ಆರು ಮತಗಳಿಂದ ಮಸೂದೆ ಆ ಸಮಿತಿಯಲ್ಲಿ ಗೆದ್ದಿತು. ಬಲಗಡೆಯ ಕೋಟಿನವನೊಬ್ಬ ಓಡಿ ಬಂದು ಆಕೆಯ ಕೈ ಕುಲುಕಿ, "ಅದ್ಭುತ, ಬಾರ್ಬರಾ!" ಎಂದು ಹೊಗಳಿ, ಫೋನು ಕಿವಿಗಿಟ್ಟುಕೊಂಡು ಹೊರಟುಹೋದ.

ಗಾಡಿಯ ಹತ್ತಿರ ಡೆಲ್ಫಿನ್ ಸಿಕ್ಕಳು. ವರ್ಬೀನಾ ಸ್ಕಾರ್ಫ್ ಬಿಚ್ಚಿ ಮಡಚಿ ಕೊಟ್ಟಳು.

"ಬೆನ್ನಿಗೆ ಚೂರಿ ಹಾಕ್ದೆ ಕಣೆ. ಅದೂ ನನ್ನ ಸ್ಯಾಂಡ್‌ವಿಚ್ ತಿಂದು," ಎಂದಳು ಡೆಲ್ಫಿನ್. ಆಮೇಲೆ ಡಬ್ಬಿಯಲ್ಲಿ ಉಳಿದಿದ್ದ ಎರಡನ್ನು ಕಾಗದದಲ್ಲಿ ಸುತ್ತಿ ಇವಳ ಕೈಗೆ ತುರುಕಿದಳು. "ತಗೋ. ದಾರಿ ಉದ್ದ ಇದೆ."

"ಗುರುವಾರ?" ಎಂದಳು ವರ್ಬೀನಾ.

ಡೆಲ್ಫಿನ್ ತನ್ನ ಬೂಟಿನ ತುದಿ ನೋಡಿದಳು. "ಬೇಡ, ಚಿನ್ನ. ಅವರೆಲ್ಲ ಏನಂತಾರೆ."

ಮುಂದಿನ ಸಮಿತಿ ಮಸೂದೆಯನ್ನು ಬರುವ ವರ್ಷಕ್ಕೆ ತಳ್ಳಿತು. ಸುದ್ದಿ ಹೇಳಿದ ಟ್ವೈಲಾ, "ಏನೂ ಮಾಡಕ್ಕಾಗಲ್ಲ, ಮಿಸ್ ವರ್ಬೀನಾ. ಅದು ಮನೆ ಆಗಿದ್ರೆ ಬೇರೆ ಮಾತು," ಎಂದಳು.

ವರ್ಬೀನಾ ಆ ಮಾತನ್ನು ಮೂರು ದಿನ ಹೊತ್ತು ತಿರುಗಿದಳು. ನಾಲ್ಕನೆಯ ದಿನ ಚರ್ಚಿಗೆ ಹೋಗಿ ಅಕ್ಕನ ಕುರ್ಚಿ ವಾಪಸು ಕೇಳಿದಳು. ಉಳಿದ ಹನ್ನೆರಡನ್ನು ಹಿಂದೆ ತಾನೇ ಅಂದಗೊಳಿಸಿದ ಮನೆಗಳಿಂದ ಒಂದೊಂದಾಗಿ ಹೊತ್ತು ತಂದಳು. ತನ್ನ ಖಾಲಿ ಹಜಾರದಲ್ಲಿ ಎರಡೆರಡಾಗಿ ಎದುರುಬದುರು ಇಟ್ಟಳು. ಅಷ್ಟು ಚೆಂದದ ಹಜಾರ ಅಮೆರಿಕದ ಅಧ್ಯಕ್ಷರಿಗೂ ಇರಲಿಕ್ಕಿಲ್ಲ. ಸಮುದ್ರ ದಡದಿಂದ ಹತ್ತು ಹೆಜ್ಜೆ ಮುಂದೆ ಬಂದು ಕಿಟಕಿಯಲ್ಲಿ ಇಣುಕಿತು. ಭಾನುವಾರ ಮಧ್ಯಾಹ್ನ ಹದಿಮೂರು ಜನ ಬಂದರೆ ಸಾಕು, ಹದಿನಾಲ್ಕನೆಯವಳು ತಾನಿದ್ದೇನೆ ಎಂದು ಟ್ವೈಲಾಗೆ ಹೇಳಿದಳು.

ಭಾನುವಾರ ಟೀವಿಯಲ್ಲಿ ದೊಡ್ಡ ಪಂದ್ಯವಿತ್ತು. ವ್ಯಾನಿನಿಂದ ಇಳಿದವನು ಎನಾಕ್ ಒಬ್ಬನೇ.

"ಉಳಿದೋರೆಲ್ಲ ಮುಂದಿನ ವಾರ ಬರ್ತಾರೆ," ಎಂದು ಟ್ವೈಲಾ ಆಕೆಯ ಮುಖ ನೋಡದೆ ಹೇಳಿ, ವ್ಯಾನು ತಿರುಗಿಸಿಕೊಂಡು ಹೋದಳು.

ಎನಾಕ್ ಅಕ್ಕನ ಕುರ್ಚಿಯಲ್ಲಿ ಕೂತು ಸುತ್ತ ನೋಡಿದ. "ಟೀವಿ ಎಲ್ಲಿ?"

"ಇಲ್ಲ."

"ಮತ್ತೆ ಏನ್ ನೋಡ್ಲಿ ನಾನು?"

"ನನ್ನ."

ಮುದುಕ ಬಹಳ ಹೊತ್ತು ನೋಡಿದ. "ಪರವಾಗಿಲ್ಲ," ಎಂದ. "ಆ ಬಲಗಿವಿಗಿಂತ ವಾಸಿ. ಏನಾದ್ರೂ ಮಾತಾಡು."

ವರ್ಬೀನಾ ಎದ್ದು ಹೋಗಿ ಚೀಲದಿಂದ ಆ ಮೂರು ಪುಟಗಳನ್ನು ತಂದಳು. "ಸನ್ಮಾನ್ಯ ಅಧ್ಯಕ್ಷರೇ" ಎಂದು ಶುರುಮಾಡಿದಳು. ಎನಾಕ್ ಗಂಭೀರವಾಗಿ ತಲೆಯಾಡಿಸಿ, ಮುಂದುವರಿಸು ಎಂದು ಕೈ ತೋರಿಸಿದ. ಎರಡನೇ ಪುಟದ ಹೊತ್ತಿಗೆ ಅವನ ಗಲ್ಲ ಎದೆಗೆ ತಾಗಿ ಗೊರಕೆ ಎದ್ದಿತ್ತು. ಉಳಿದ ಹನ್ನೆರಡು ಕುರ್ಚಿಗಳು ಒಂದನ್ನೊಂದು ನೋಡುತ್ತ ಕೂತಿದ್ದವು. ಆಕೆ ದನಿ ಸ್ವಲ್ಪ ತಗ್ಗಿಸಿ, ಮೂರನೇ ಪುಟವನ್ನೂ ಕೊನೆಯವರೆಗೆ ಓದಿದಳು.