ಕಿಟಕಿಯ ಬೆಳಕಿಗೆ ಹಿಡಿದ ಸೀಸೆ

"ಇದು ಯಾವ ಶೇಡು, ಮೇಸ್ತ್ರಿ?" ಎಂದು ಬಾಯ್ಲರಿನವನು ಕೇಳಿದಾಗ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಗೆ ವರ್ಷಕ್ಕೊಮ್ಮೆ ಡಾಕ್ಟರಮ್ಮ ಬಂದು, ಒಬ್ಬೊಬ್ಬರಿಗೂ ಒಂದು ಪುಟ್ಟ ಸೀಸೆ ಕೊಡುತ್ತಿದ್ದರು. ಮೂತ್ರ ಹಿಡಿದು ತರಬೇಕು. ಬಣ್ಣದವರ ಮೈಯಿಂದ ಬಣ್ಣ ಬಿಟ್ಟು ಇನ್ನೇನು ಬಂದೀತು ಎನ್ನುವುದು ಅಲ್ಲಿನ ಹಳೆಯ ತಮಾಷೆ. ಅದನ್ನು ಹುಟ್ಟುಹಾಕಿದವನೇ ಮೇಸ್ತ್ರಿ.

ಮೂವತ್ತು ವರ್ಷ ಬಣ್ಣ ಕಲಸಿದ ಕೈ ಅವನದು. ತುಂಡು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಯಾವ ಪುಡಿ ಚಿಟಿಕೆ ಹೆಚ್ಚಾಯಿತೆಂದು ಹೇಳಿಬಿಡುತ್ತಿದ್ದ. ಮಾಸ್ಕ್ ಕಟ್ಟಿಕೊಂಡರೆ ಬಣ್ಣದ ವಾಸನೆ ತಿಳಿಯುವುದಾದರೂ ಹೇಗೆ ಎಂದು ಮೂಗು ಮುರಿಯುತ್ತಿದ್ದ. ಅವನ ಮಾತು ಕೇಳಿ ಪುಡಿ ತೂಗುವ ಕೋಣೆಯಲ್ಲಿ ಯಾರೂ ಮಾಸ್ಕ್ ಮುಟ್ಟುತ್ತಿರಲಿಲ್ಲ. ಅವು ಪ್ಲಾಸ್ಟಿಕ್ ಚೀಲದಲ್ಲೇ ಮೊಳೆಗೆ ಜೋತುಬಿದ್ದಿದ್ದವು. ಎರಡು ವರ್ಷದಿಂದ ಆ ಕೋಣೆಯಲ್ಲಿ ತೂಗುತ್ತಿದ್ದವನು ಅವನ ಮಗಳ ಗಂಡ. ಸೇರಿಸಿದವನೂ ಮೇಸ್ತ್ರಿಯೇ. ಮನೆಯಲ್ಲಿ ತಾನು 'ನೀವು' ಎಂದು ಕರೆಯುವ ಅಳಿಯನಿಗೆ ಇಲ್ಲಿ ಎಲ್ಲರಂತೆ 'ನೀನು'.

ಮೇಸ್ತ್ರಿಯ ಸೀಸೆಯಲ್ಲಿದ್ದದ್ದು ಕೆಂಪಗಿತ್ತು. ನಾಲ್ಕು ತಿಂಗಳಿಂದ ಆಗೊಮ್ಮೆ ಈಗೊಮ್ಮೆ ಹೀಗೇ. ಹೆಂಡತಿ ನೋಡಿ ಗಾಬರಿಯಾದಾಗ, ಕೆಂಪು ಬಟ್ಟೆಯ ಆರ್ಡರು ನಡೆಯುತ್ತಿದೆ ಕಣೇ ಎಂದು ಅವಳ ಬಾಯಿ ಮುಚ್ಚಿಸಿದ್ದ.

ಈಗ ಇನ್ನಷ್ಟು ನಗಿಸೋಣವೆಂದು ಸೀಸೆಯನ್ನು ಕಿಟಕಿಗೆ ಎತ್ತಿ ಹಿಡಿದ. ಕಣ್ಣು ಕಿರಿದು ಮಾಡಿದ. ಗೊತ್ತಿದ್ದ ಕೆಂಪುಗಳನ್ನೆಲ್ಲ ನೆನೆದ. ಒಂದೂ ಹೊಂದಲಿಲ್ಲ. ಆಗ ಹೊಳೆಯಿತು: ಮೂರು ವಾರದಿಂದ ಕಾರ್ಖಾನೆಯಲ್ಲಿ ನೀಲಿ ಬಿಟ್ಟು ಬೇರೇನನ್ನೂ ಕಲಸಿಲ್ಲ. ಕೆಂಪು ಡಬ್ಬಿಗಳ ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

"ಇದು ನಮ್ಮ ಬಣ್ಣ ಅಲ್ಲ," ಎಂದ. ಸೀಸೆಯನ್ನು ಡಾಕ್ಟರಮ್ಮನ ಮುಂದಿಟ್ಟು, ನಾಲ್ಕು ತಿಂಗಳಿಂದ ಹೀಗೇ ಎಂದು ಹೇಳಿದ.

ನೋವಿಲ್ಲವೆಂದು ಇಷ್ಟು ದಿನ ಸುಮ್ಮನಿದ್ದಿರಾ ಎಂದು ಡಾಕ್ಟರಮ್ಮ ಗದರಿಕೊಂಡರು. ಇದು ರಕ್ತ, ಪುಡಿ ಒಳಗೆ ಹೋಗಿ ಮೂತ್ರಕೋಶದಲ್ಲಿ ಗಡ್ಡೆ ಆಗಿರಬಹುದು, ನೋಡಬೇಕು, ನಾಳೆಯೇ ದೊಡ್ಡಾಸ್ಪತ್ರೆಗೆ ಬಂದು ಸೇರಿ ಎಂದು ಚೀಟಿ ಬರೆದರು. ಮೇಸ್ತ್ರಿಗೆ ಪುಡಿ ಎಂಬ ಮಾತು ಬಿಟ್ಟು ಬೇರಾವುದೂ ತಲೆಗೆ ಹೋಗಲಿಲ್ಲ.

"ಎರಡೇ ವರ್ಷ ಪುಡಿ ತೂಗಿದೋರಿಗೂ ಹೀಗಾಗುತ್ತಾ, ಅಮ್ಮಾ?"

"ಈಗಲೇ ಕಾಣಿಸಲ್ಲ. ಹತ್ತು, ಇಪ್ಪತ್ತು ವರ್ಷ ಬಿಟ್ಟು ಕಾಣಿಸಬಹುದು. ಇನ್ನು ಮೇಲಾದ್ರೂ ಪುಡಿ ಮೈಯೊಳಗೆ ಹೋಗದ ಹಾಗೆ ನೋಡ್ಕೊಳ್ಳಲಿ."

ತೂಗುವ ಕೋಣೆಯಲ್ಲಿ ಅಳಿಯನ ರೆಪ್ಪೆಯ ಮೇಲೂ ನೀಲಿ ಕೂತಿತ್ತು. ಮೇಸ್ತ್ರಿ ಮೊಳೆಯಿಂದ ಚೀಲ ಕಿತ್ತು ಹರಿದ.

"ಇದನ್ನ ಕಟ್ಕೊಳ್ಳಿ."

"ವಾಸನೆ ಹೇಗೆ ತಿಳಿಯುತ್ತೆ, ಮಾವ?" ಎಂದು ಅಳಿಯ ಅವನದೇ ಮಾತು ಹೇಳಿ ನಕ್ಕ.

"ನಾನು ಹೇಳಿದ್ದು ತಪ್ಪು," ಎಂದ ಮೇಸ್ತ್ರಿ. ಅಳಿಯನ ಹಿಂದೆ ಹೋಗಿ ತಾನೇ ಗಂಟು ಹಾಕಿದ.

ಸಂಜೆ ಸೈರನ್ ಆದ ಮೇಲೆ ಆ ಮಾಸ್ಕನ್ನು ಬಿಚ್ಚಿಸಿಕೊಂಡು ಕಿಟಕಿಗೆ ಹಿಡಿದ. ಹೊರಗೆಲ್ಲ ನೀಲಿ. ಒಳಮಗ್ಗುಲು ಬೆಳ್ಳಗಿತ್ತು. ಗಂಟು ಸಡಿಲವಾಗಿದ್ದ ಒಂದು ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ನೀಲಿ ಒಳಗೆ ಬಂದಿತ್ತು. ನಾಳೆ ಇನ್ನೂ ಬಿಗಿಯಾಗಿ ಕಟ್ಟಬೇಕು ಅಂದುಕೊಂಡ. ಜೇಬಿನಲ್ಲಿ ನಾಳೆಯ ಆಸ್ಪತ್ರೆ ಚೀಟಿ ಕೈಗೆ ತಗುಲಿತು.

ಹೊಸ ಮಾಸ್ಕ್ ತೆಗೆದು, ಮನೆಗೆ ಹೊರಟಿದ್ದ ಅಳಿಯನನ್ನು ಕರೆದ.

"ಬನ್ನಿ ಇಲ್ಲಿ. ಒಂದ್ಸಲ ನೀವೇ ಕಟ್ಟಿ ತೋರಿಸಿ."