ಎಲ್ಲರೂ ಒಪ್ಪಿದವರೇ

“ಐವತ್ತು ದಾಟಿದ ಹೆಂಗಸರದ್ದೇ ಇರಲಿ,” ಎಂದಳು ಸ್ಮರಾಂಡಾ, ಸುಟ್ಟ ಬದನೆಕಾಯಿಯ ಕರಿ ಸಿಪ್ಪೆಯನ್ನು ಉಗುರಿನಿಂದ ಎತ್ತುತ್ತ. “ಅಲ್ಲಿ ವಯಸ್ಸಿನ ತಕರಾರೇ ಬರಲ್ಲ.”

“ಮುದುಕೀರನ್ನ ಯಾರಕ್ಕ ದುಡ್ಡು ಕೊಟ್ಟು ನೋಡ್ತಾರೆ?” ತಮ್ಮ ತ್ರಾಯನ್ ಲ್ಯಾಪ್‌ಟಾಪನ್ನು ಬದನೆಕಾಯಿಯ ಬೋಗುಣಿಯಿಂದ ದೂರ ಸರಿಸಿದ.

“ನೀನೇ ತಾನೆ ಹೇಳಿದ್ದು? ಎಲ್ಲರೂ ನುಗ್ಗೋ ಸಂತೇಲಿ ಹೊಸಬನ ಅಂಗಡಿ ನಡೆಯಲ್ಲ, ಒಂದು ಮೂಲೆ ಹಿಡ್ಕೊಂಡು ಕೂತ್ಕೋಬೇಕು ಅಂತ. ಇದೇ ಆ ಮೂಲೆ. ವಯಸ್ಸಿನ ಬಗ್ಗೆ ಒಂದು ಕೂದಲೆಳೆಯಷ್ಟು ಅನುಮಾನ ಬಂದ್ರೂ ನಾನಿಲ್ಲ, ನಿನ್ನ ದಾರಿ ನಿಂಗೆ.”

ಇಬ್ಬರೂ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಹೊರಗೆ ಬಾಲ್ಕನಿಯಲ್ಲಿ ಅವರ ಅಮ್ಮ ವೆತುರಿಯಾ ಕಬ್ಬಿಣದ ಹಂಚಿನ ಮೇಲೆ ಕೆಂಪು ದಪ್ಪ ಮೆಣಸಿನಕಾಯಿ ಮಗುಚುತ್ತಿದ್ದಳು. ಚಳಿಗಾಲಕ್ಕೆ ಬೇಕಾದ ಜಕುಸ್ಕಾ, ಅಂದರೆ ಸುಟ್ಟ ತರಕಾರಿಯ ಗೊಜ್ಜು, ಮಾಡಿಡುವ ಹೊತ್ತು. ರುಮೇನಿಯಾದ ಒರಾಡೆಯಾ ಊರಿನ ಆ ಬಡಾವಣೆಯ ಬಾಲ್ಕನಿಗಳಲ್ಲೆಲ್ಲ ಸುಟ್ಟ ತರಕಾರಿಯ ಹೊಗೆ ಆಡುತ್ತಿತ್ತು.

ಈ ಕಸುಬನ್ನು ಕಂಡುಹಿಡಿದು ತಂದವನು ತ್ರಾಯನ್. ವ್ಯಾನಿನಲ್ಲಿ ಸಾಮಾನು ಹೊತ್ತು ಸೊಂಟ ಹಿಡಿದು ಕೂತ ಮೇಲೆ ಅವನು ದಿನವಿಡೀ ಕಂಪ್ಯೂಟರಿನಲ್ಲಿ ಮುಳುಗಿರುತ್ತಿದ್ದ. ವಯಸ್ಕರ ಚಿತ್ರ ಮಾರುವ ದೊಡ್ಡ ಕಂಪನಿಗಳಿವೆ. ನಾವು ಚಿತ್ರ ತೆಗೆಯುವುದೂ ಇಲ್ಲ, ಮಾರುವುದೂ ಇಲ್ಲ. ನಮ್ಮದೊಂದು ತಾಣ ಕಟ್ಟಿ, ಅವರು ಕೊಟ್ಟ ತುಣುಕುಗಳನ್ನು ತೋರಿಸಿ, ಬಂದ ಗಿರಾಕಿಯನ್ನು ಅವರ ಬಾಗಿಲಿಗೆ ಬಿಟ್ಟರೆ ಸಾಕು, ಅವನು ಕಟ್ಟಿದ ಚಂದಾದಲ್ಲಿ ಒಂದು ಪಾಲು ನಮಗೆ. “ಶುದ್ಧ ದಲ್ಲಾಳಿ ಕೆಲಸ ಕಣಕ್ಕ,” ಎಂದಿದ್ದ. ಸ್ಮರಾಂಡಾ ಮೊದಲು ಮುಖ ಸಿಂಡರಿಸಿದಳು. ಆದರೆ ಅವಳು ಗುಮಾಸ್ತೆಯಾಗಿದ್ದ ನೋಟರಿ ಕಚೇರಿ ಮುಚ್ಚಿ ವರ್ಷವಾಗಿತ್ತು. ನಡುವಯಸ್ಸಿನ ಗುಮಾಸ್ತೆಯನ್ನು ಕರೆದು ಕೂರಿಸುವವರು ಊರಿನಲ್ಲಿ ಯಾರೂ ಇರಲಿಲ್ಲ.

ಕೈ ಹಾಕಿದ ಮೇಲೆ ಅವಳು ಕೆಲಸವನ್ನು ನೋಟರಿಯ ಕಚೇರಿಯಷ್ಟೇ ಚೊಕ್ಕವಾಗಿ ಮಾಡಿದಳು. ತಾಣದ ಬಾಗಿಲಲ್ಲೇ ವಯಸ್ಸು ಕೇಳುವ ಪುಟ. ಇದು ಜಾಹೀರಾತು, ಇದರಿಂದ ನಮಗೆ ಕಮಿಷನ್ ಬರುತ್ತದೆ ಎಂಬ ಘೋಷಣೆ. ಬಂದವರ ವಿವರ ಎಲ್ಲಿ ಇಡುತ್ತೇವೆ, ಎಷ್ಟು ಕಾಲ ಇಡುತ್ತೇವೆ ಎಂಬ ವಿವರಣೆ. ಕಂಪನಿ ಕೊಟ್ಟದ್ದನ್ನು ಬಿಟ್ಟು ಬೇರೆ ಒಂದು ಚಿತ್ರವನ್ನೂ ಮುಟ್ಟಕೂಡದೆಂದು ತಮ್ಮನಿಗೆ ಕಟ್ಟಪ್ಪಣೆ. ಕಂಪನಿಗೇ ಬರೆದು ಕೇಳಿದಾಗ, ನಟಿಸಿದವರೆಲ್ಲರ ವಯಸ್ಸಿನ ಪುರಾವೆ, ಒಪ್ಪಿಗೆ ಪತ್ರ ತಮ್ಮ ಸೈಪ್ರಸ್ ಕಚೇರಿಯಲ್ಲಿ ಭದ್ರವಾಗಿವೆ ಎಂದು ವಿನಯದ ಉತ್ತರ ಬಂತು. ಅವಳು ಪುಟದ ಅಡಿಯಲ್ಲಿ ತನ್ನ ಕೈಯಾರೆ ಬರೆದಳು: ‘ಇಲ್ಲಿ ಕಾಣುವವರೆಲ್ಲರೂ ವಯಸ್ಕರು. ಎಲ್ಲರೂ ಒಪ್ಪಿದವರೇ.’

ಮೆಣಸಿನಕಾಯಿಯ ತಟ್ಟೆ ಹಿಡಿದು ಅಮ್ಮ ಒಳಗೆ ಬಂದಾಗ ತ್ರಾಯನ್ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದ.

“ಏನು ನಿಮ್ಮಿಬ್ಬರದ್ದು ಗುಸುಗುಸು? ಬ್ಯಾಂಕ್ ಲೂಟಿನಾ?”

“ಒಂಟಿಯಾಗಿರೋರಿಗೆ ಒಂದು ವೆಬ್‌ಸೈಟ್ ಮಾಡ್ತಿದ್ದೀವಮ್ಮ. ಹೊತ್ತು ಹೋಗೋಕೆ.”

“ಹಾಗಾದ್ರೆ ನನ್ನ ಹೆಸರೂ ಬರಕೊಳ್ಳಿ,” ಎಂದಳು ವೆತುರಿಯಾ. “ರೂಪ ಬೇಡ, ಆಸ್ತಿ ಬೇಡ. ಬಾಯಲ್ಲಿ ಸ್ವಂತ ಹಲ್ಲಿದ್ದು, ಗೊರಕೆ ಹೊಡೀದಿದ್ರೆ ಸಾಕು.” ತಾನೇ ಮೊದಲು ನಕ್ಕಳು. ಅರವತ್ತೇಳರ ಹೆಂಗಸು, ಗಂಡ ಹೋದ ಮೇಲೂ ನಗುವುದನ್ನು ಬಿಟ್ಟವಳಲ್ಲ.

ಚಳಿ ಏರುವ ಹೊತ್ತಿಗೆ ತಾಣ ಕುದುರಿತು. ಒಂದು ಪುಟಕ್ಕಂತೂ ಜನ ಮುಗಿಬಿದ್ದರು. ಅದರ ತುಣುಕುಗಳನ್ನು ಆರಿಸಿ ಜೋಡಿಸಿದವನು ತ್ರಾಯನ್; ಸ್ಮರಾಂಡಾ ಕಂಪನಿಯ ಕಾಗದದಲ್ಲಿದ್ದ ಎರಡು ಸಾಲು ಓದಿ, ಅದನ್ನೇ ಚೆಂದದ ರುಮೇನಿಯನ್ನಿನಲ್ಲಿ ಬರೆದುಕೊಟ್ಟಿದ್ದಳು. ಚಿತ್ರ ನೋಡುವುದಕ್ಕೆ ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಕಾಗದ ಸರಿಯಿದ್ದರೆ ಸರಿ. ಮೊದಲ ಪಾಲು ಬಂದ ದಿನ ಅಮ್ಮನೇ ಪ್ಲಮ್ ಹಣ್ಣಿನ ಕೇಕು ಮಾಡಿದಳು. “ಒಂಟಿ ಜನ ಇಷ್ಟೊಂದಿದ್ದಾರಾ ಈ ಲೋಕದಲ್ಲಿ!” ಎಂದು ಆಶ್ಚರ್ಯಪಟ್ಟಳು.

ಆ ಗುರುವಾರ ಬೆಳಿಗ್ಗೆ ಸ್ಮರಾಂಡಾ ತಾಣಕ್ಕೆ ಬಂದ ಪತ್ರಗಳನ್ನು ತೆರೆದಳು. ಬಹುಪಾಲು ಹೊಲಸು. ನಡುವೆ ಒಂದು ಸಾಲು ಹೆಸರಿಲ್ಲದೆ ಬಂದಿತ್ತು: ‘ಹಸಿರು ಗೋಡೆಯ ವಿಡಿಯೋ ಒರಾಡೆಯಾದ ಬಿಸಿನೀರಿನ ಕೊಳದ್ದು. ಆ ಹೆಂಗಸರಿಗೆ ಇದು ಗೊತ್ತಿದೆಯೆ?’

ಅವಳು ಆ ವಿಡಿಯೋ ಹುಡುಕಿ ತೆರೆದಳು; ಜನ ಮುಗಿಬಿದ್ದಿದ್ದ ಪುಟದಲ್ಲೇ ಇತ್ತು.

ಬಟ್ಟೆ ಬದಲಿಸುವ ಚಿಕ್ಕ ಕೋಣೆ, ಹಸಿರು ಗೋಡೆ. ಮೇಲಿನಿಂದ, ಓರೆಯಾಗಿ ತೆಗೆದದ್ದು. ಒದ್ದೆ ಮೈಯ ಒಬ್ಬ ವಯಸ್ಸಾದ ಹೆಂಗಸು ಬೆಂಚಿನ ಮೇಲೆ ಕೂತು ಮಂಡಿಗೆ ಮುಲಾಮು ತಿಕ್ಕುತ್ತಿದ್ದಾಳೆ. ತಿಕ್ಕುತ್ತ ತನ್ನಷ್ಟಕ್ಕೆ ಏನೋ ಹೇಳಿಕೊಂಡು ನಗುತ್ತಾಳೆ. ಎದ್ದು, ಒದ್ದೆಯ ಈಜುಡುಗೆಯನ್ನು ಹಿಂಡಿ, ನಾಲ್ಕಾಗಿ ಮಡಚಿ, ಬ್ರೆಡ್ಡಿನ ಖಾಲಿ ಚೀಲದೊಳಗೆ ತುರುಕಿ, ಬಾಯಿಗೆ ಗಂಟು ಹಾಕುತ್ತಾಳೆ. ಅಷ್ಟೇ. ಅದರಲ್ಲಿ ಬೇರೇನೂ ಇರಲಿಲ್ಲ. ಮೇಲೆ ಮಾತ್ರ ಬಾಯಲ್ಲಿ ಹೇಳಲಾರದ ಒಂದು ಶೀರ್ಷಿಕೆ.

ಬ್ರೆಡ್ಡಿನ ಚೀಲಕ್ಕೆ ಹಾಗೆ ಗಂಟು ಹಾಕುವವಳು ಲೋಕದಲ್ಲಿ ಒಬ್ಬಳೇ, ಅಮ್ಮ.

ಸ್ಮರಾಂಡಾ ಎರಡೂ ಅಂಗೈಗಳಿಂದ ಪರದೆಯನ್ನು ಮುಚ್ಚಿ ಹಿಡಿದಳು, ಬೀದಿಯಲ್ಲಿ ಯಾರದ್ದೋ ಬಟ್ಟೆ ಜಾರಿದಾಗ ಮೈ ಅಡ್ಡ ಇಡುವ ಹಾಗೆ. ಕೈ ತೆಗೆಯಲು ಧೈರ್ಯವಾಗಲಿಲ್ಲ. ಹಾಗೇ ಕೂತು ತಮ್ಮನನ್ನು ಕೂಗಿದಳು.

ತ್ರಾಯನ್ ಕಾಫಿ ಲೋಟದೊಂದಿಗೆ ಬಂದ. “ಏನಾಯ್ತು? ಅದು ನಮ್ಮ ಅನ್ನದ ಬಟ್ಟಲು ಕಣೆ, ಅದನ್ನ ಯಾಕೆ ಮುಚ್ಕೊಂಡು ಕೂತಿದ್ದೀಯ?”

“ಇದನ್ನ ನೀನು ನೋಡಿದ್ದೀಯಾ?”

“ನೋಡದೆ ಹಾಕ್ತೀನಾ? ನಾನೇ ಕತ್ತರಿಸಿ ಜೋಡಿಸಿದ್ದು.”

“ಮುಖ ನೋಡಿದ್ದೀಯಾ?”

ಅವಳು ಒಂದು ಕೈ ಸರಿಸಿದಳು. ತ್ರಾಯನ್ ಬಾಗಿದ. ಮೊದಲು ಏನೂ ಆಗಲಿಲ್ಲ. ನಂತರ ಅವನ ಬಾಯಿ ತೆರೆದುಕೊಂಡಿತು, ಲೋಟ ವಾಲಿ ಕಾಫಿ ಪಾದದ ಮೇಲೆ ಸುರಿದರೂ ಅವನಿಗೆ ತಿಳಿಯಲಿಲ್ಲ.

“ನಾನು ಮುಖ ನೋಡ್ಲೇ ಇಲ್ಲ ಅಕ್ಕ,” ಎಂದ. “ದೇವರಾಣೆ. ಅಷ್ಟು ಸಲ ನೋಡಿದೆ, ಮುಖ ಮಾತ್ರ ನೋಡ್ಲಿಲ್ಲ.”

ತಾಣವನ್ನು ಮುಚ್ಚಲು ನಿಮಿಷವೂ ಬೇಕಾಗಲಿಲ್ಲ. ಮುಚ್ಚುವ ಮೊದಲು ಅಲ್ಲಿದ್ದದ್ದನ್ನೆಲ್ಲ ಹಾಗೇ ಉಳಿಸಿಕೊಳ್ಳುವಂತೆ ಸ್ಮರಾಂಡಾ ಹೇಳಿದಳು, ಪುರಾವೆ ಬೇಕಾಗುತ್ತದೆ. ಹಾಗೆ ಉಳಿಸುವಾಗ ಮುಂದಿನ ತುಣುಕಿನಲ್ಲಿ ಅದೇ ಕೋಣೆ, ಎದುರು ಮನೆಯ ಸಾವೆತಾ ಚಿಕ್ಕಮ್ಮ. ಅದರ ಮುಂದಿನದರಲ್ಲಿ ಇನ್ಯಾರೋ.

“ಅಮ್ಮನಿಗೆ ಹೇಳೋದು ಬೇಡ,” ತ್ರಾಯನ್ ನೆಲದ ಮೇಲೆ ಕುಕ್ಕರಿಸಿದ್ದ. “ಎದೆ ಒಡ್ಕೊಂಡು ಸತ್ತೇ ಹೋಗ್ತಾಳೆ. ಕಂಪನಿಗೆ ಬರೆಯೋಣ, ತೆಗೆದುಬಿಡ್ತಾರೆ. ಮುಗೀತು.”

“ಅಲ್ಲಿಂದ ಇನ್ನೆಷ್ಟು ಜನ ನಮ್ಮಂಥೋರು ಎತ್ಕೊಂಡಿದ್ದಾರೋ. ಆ ಕ್ಯಾಮೆರಾ ಇನ್ನೂ ಅಲ್ಲೇ ಇದೆ ಕಣೋ. ಇವತ್ತು ಯಾವ ವಾರ?”

ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಸಾವೆತಾಳ ಕೂಗು ಕೇಳಿಸಿತು: “ವೆತುರಿಯಾ! ಬಾರೇ, ಟ್ರಾಮ್ ತಪ್ಪುತ್ತೆ! ಮದುವಣಗಿತ್ತಿ ಥರ ಎಷ್ಟೊತ್ತೇ ಸಿಂಗಾರ?” ಗುರುವಾರ, ಪಿಂಚಣಿದಾರರಿಗೆ ಕೊಳ ಅಗ್ಗ. ಅಮ್ಮ ಆಗಲೇ ಕೈಚೀಲ ಹಿಡಿದು ಹಜಾರದಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಳು.

ತ್ರಾಯನ್ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ. “ಇವತ್ತು ಬೇಡಮ್ಮ. ನೀರು ಕೆಟ್ಟಿದೆಯಂತೆ. ಚರ್ಮರೋಗ ಬರುತ್ತಂತೆ.”

“ಚರ್ಮ ಸುಕ್ಕಾಗಿ ಜೋತಾಡ್ತಿದೆ, ಇನ್ನೇನು ರೋಗ ಬರಬೇಕು ಅದಕ್ಕೆ? ಸರಿ ಆ ಕಡೆ.”

“ಅಮ್ಮ, ಕೂತ್ಕೋ,” ಎಂದಳು ಸ್ಮರಾಂಡಾ.

ಅವಳ ದನಿ ಕೇಳಿ ವೆತುರಿಯಾ ಕೂತಳು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರಿ ಕಾಲುಚೀಲ. ಸ್ಮರಾಂಡಾ ನಿಂತೇ ಹೇಳಿದಳು. ಕೋಣೆಯಲ್ಲಿ ಯಾರೋ ಕ್ಯಾಮೆರಾ ಅಡಗಿಸಿಟ್ಟಿದ್ದಾರೆ. ಚಿತ್ರ ಮಾರಿದ್ದಾರೆ. ಅದು ಹೊರಗೆ ಓಡಾಡುತ್ತಿದೆ. ಅದರಲ್ಲಿ ನೀನಿದ್ದೀಯ.

ವೆತುರಿಯಾಳ ಕೈ ತಾನಾಗಿ ಕೋಟಿನ ಕೊರಳಪಟ್ಟಿಗೆ ಹೋಗಿ ಅದನ್ನು ಬಿಗಿಯಾಗಿ ಹಿಡಿಯಿತು. ಮುಖ ಹಿಟ್ಟು ಬಳಿದಂತಾಯಿತು. “ಸಾವೆತಾ?” ಎಂದಳು.

“ಅವರೂ ಇದ್ದಾರೆ.”

“ಅವಳಿಗೆ ನಾನು ಹೇಳ್ತೀನಿ. ನೀವ್ಯಾರೂ ಬಾಯಿ ಬಿಡಬೇಡಿ.” ಆಮೇಲೆ ತಲೆ ಎತ್ತಿ ಇಬ್ಬರನ್ನೂ ನೋಡಿದಳು. “ಇದು ನಿಮ್ಮ ಕಣ್ಣಿಗೆ ಹೇಗೆ ಬಿತ್ತು?”

“ಯಾರೋ ಕಳಿಸಿದ್ರಮ್ಮ,” ಎಂದ ತ್ರಾಯನ್.

“ನಾವೇ ಹಾಕಿದ್ದು,” ಎಂದಳು ಸ್ಮರಾಂಡಾ. “ನಮ್ಮ ವೆಬ್‌ಸೈಟು ಅದರದ್ದೇ. ಗೊತ್ತಿಲ್ಲದೆ ಹಾಕಿದ್ವಿ. ಎಲ್ಲರ ಒಪ್ಪಿಗೆ ಇದೆ ಅಂತ ನಾನೇ ಬರೆದೆ.”

ವೆತುರಿಯಾ ಆ ಮಾತಿನ ಅರ್ಥ ಹುಡುಕುವವಳಂತೆ ಮಗನಿಂದ ಮಗಳಿಗೆ, ಮಗಳಿಂದ ಮಗನಿಗೆ ಕಣ್ಣಾಡಿಸಿದಳು. ಮೊದಲಿನ ಸುದ್ದಿಗೆ ಬಿಳಿಚಿದ್ದ ಮುಖ ಈಗ ಬೂದಿಯಾಯಿತು. “ಕೇಕು ಮಾಡಿದ್ನಲ್ಲ,” ಎಂದಳು, ಬೇರಾರಿಗೋ ಹೇಳುವ ಹಾಗೆ. “ನಾನು ಮೊಟ್ಟೆ ಒಡೆದು ಕೇಕು ಮಾಡಿದ್ನಲ್ಲೋ.”

ಇನ್ನೊಂದು ಬೂಟು ಹಾಕಿಕೊಂಡಳು. ತ್ರಾಯನ್ ಲೇಸು ಕಟ್ಟಲು ಬಾಗಿದಾಗ ಕಾಲು ಹಿಂದೆಳೆದುಕೊಂಡು ತಾನೇ ಕಟ್ಟಿದಳು. ಕೆಳಗೆ ಹೋಗಿ ಸಾವೆತಾಳನ್ನು ಪಕ್ಕಕ್ಕೆ ಕರೆದಳು. ಸಾವೆತಾ “ಅಯ್ಯೋ ಮಾತೆ ಮರಿಯಾ” ಎಂದು ಕೂಗಿದ್ದು ಮೇಲಿನವರೆಗೂ ಕೇಳಿಸಿತು.

ಪೊಲೀಸು ಠಾಣೆಯಲ್ಲಿ ದೂರು ಬರೆದುಕೊಂಡವಳು ಒಬ್ಬಳು ಅಧಿಕಾರಿಣಿ. ಇಬ್ಬರು ಮುದುಕಿಯರ ಹಿಂದೆ ನಿಂತಿದ್ದ ಸ್ಮರಾಂಡಾಳನ್ನು, “ನೀವು ಇವರ ಕಡೆಯವರಾ?” ಎಂದು ಕೇಳಿದಳು.

“ಮಗಳು. ಆ ವೆಬ್‌ಸೈಟ್ ನನ್ನ ಹೆಸರಿನಲ್ಲಿದೆ. ನನ್ನ ಹೇಳಿಕೆನೂ ಬರ್ಕೊಳ್ಳಿ.”

ಅಧಿಕಾರಿಣಿ ಟೈಪು ಮಾಡುತ್ತಿದ್ದ ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದಳು. ತಾಯಿಯ ಕಡೆ ನೋಡಿದಳು. ವೆತುರಿಯಾ ಗೋಡೆ ನೋಡುತ್ತಿದ್ದಳು.

“ವಕೀಲ ಬೇಕಾಗುತ್ತೆ ಅಂತ ಹೇಳಿ ಅವಳಿಗೆ,” ಎಂದಳು ತಾಯಿ, ಮಗಳ ಕಡೆ ತಿರುಗದೆ ಅಧಿಕಾರಿಣಿಗೇ. ಅದು ಕೋಪವೋ ಕಾಳಜಿಯೋ ಸ್ಮರಾಂಡಾಳಿಗೆ ತಿಳಿಯಲಿಲ್ಲ.

ಕ್ಯಾಮೆರಾ ಅಂದೇ ಸಿಕ್ಕಿತು, ಗಾಳಿಗಂಡಿಯ ಜಾಲರಿಯ ಹಿಂದೆ. ಪಂಪು ರಿಪೇರಿಗೆ ಬರುತ್ತಿದ್ದ ಗುತ್ತಿಗೆಯವನು ಇಟ್ಟದ್ದು. ಕಂಪನಿ, ಚಿತ್ರದಲ್ಲಿರುವವರೇ ಅರ್ಜಿ ಹಾಕಬೇಕೆಂದು ಮೊದಲು ಸತಾಯಿಸಿ, ಪೊಲೀಸರ ಪತ್ರ ಹೋದ ಮೇಲೆ ತುಣುಕುಗಳನ್ನು ತೆಗೆಯಿತು. ಬೇರೆಲ್ಲಿ ಉಳಿದಿವೆಯೋ ಯಾರೂ ಹೇಳಲಾರರು. ಬಂದಿದ್ದ ಪಾಲನ್ನು ಅಕ್ಕ ತಮ್ಮ ಇಬ್ಬರೂ ಮುಟ್ಟದೆ ಪೊಲೀಸರಿಗೆ ಒಪ್ಪಿಸಿದರು. ವಿಚಾರಣೆಗೆಂದು ಕರೆದಾಗಲೆಲ್ಲ ಹೋಗಿಬಂದರು. ತ್ರಾಯನ್ ಗೋದಾಮೊಂದರಲ್ಲಿ ಕಾವಲಿಗೆ ಸೇರಿಕೊಂಡ. ಮನೆಯಲ್ಲಿ ಅಮ್ಮ ಅಡುಗೆ ಮಾಡಿ ಮುಚ್ಚಿಟ್ಟು, ತನ್ನ ಪಾಲು ಮೊದಲೇ ಉಂಡು, ಕೋಣೆ ಸೇರಿ ಅಗಳಿ ಹಾಕಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅದುವರೆಗೆ ಯಾರೂ ಅಗಳಿ ಹಾಕಿದ್ದಿಲ್ಲ.

ಕೊಳ ಮತ್ತೆ ತೆರೆದ ಗುರುವಾರ, ಅಮ್ಮ ಕರೆಯದಿದ್ದರೂ ಸ್ಮರಾಂಡಾ ಅವಳ ಹಿಂದೆಯೇ ಹೋದಳು. ಟ್ರಾಮಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಹೆಂಗಸರು ಎಂದಿಗಿಂತ ಹೆಚ್ಚೇ ಬಂದಿದ್ದರು. ಯಾರೂ ಆ ಹಸಿರು ಕೋಣೆಗಳ ಕಡೆ ಸುಳಿಯಲಿಲ್ಲ. ಹಜಾರದ ನಡುವೆ ಮನೆಯಿಂದ ತಂದ ಬೆಡ್‌ಶೀಟುಗಳನ್ನು ಬಿಚ್ಚಿ, ನಾಲ್ಕು ನಾಲ್ಕು ಜನ ಮೂಲೆ ಹಿಡಿದು, ತಲೆಯ ಮೇಲೂ ಒಂದನ್ನು ಚಪ್ಪರದಂತೆ ಎತ್ತಿ, ಒಬ್ಬೊಬ್ಬರಾಗಿ ಒಳಗೆ ಹೊಕ್ಕು ಬಟ್ಟೆ ಬದಲಿಸುತ್ತಿದ್ದರು. “ಬೇಗ ಮುಗಿಸೇ, ತೋಳು ಬಿದ್ದುಹೋಗ್ತಿದೆ,” ಎಂದು ಸಾವೆತಾ ಯಾರಿಗೋ ಗದರಿದಳು. ಯಾರೋ ನಕ್ಕರು.

ವೆತುರಿಯಾಳ ಸರದಿ ಬಂದಾಗ ಒಂದು ಮೂಲೆಗೆ ಆಳು ಕಡಿಮೆಯಾಯಿತು. ಸಾವೆತಾ ಸುತ್ತಲೂ ನೋಡಿ, ಬಾಗಿಲ ಬಳಿ ಕೋಟು ತೊಟ್ಟು ನಿಂತಿದ್ದ ಸ್ಮರಾಂಡಾಳ ಮೇಲೆ ಕಣ್ಣಿಟ್ಟಳು. ಜೋತುಬಿದ್ದ ಆ ಮೂಲೆಯನ್ನು ವೆತುರಿಯಾಳೇ ಎತ್ತಿಕೊಂಡಳು. ತುಸು ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದು, ಮಗಳತ್ತ ಚಾಚಿದಳು.

“ಹಿಡ್ಕೋ,” ಎಂದಳು. “ಆ ಕಡೆ ತಿರುಗು.”

ಸ್ಮರಾಂಡಾ ಗೋಡೆಗೆ ಮುಖ ಮಾಡಿ, ಹಿಂದಕ್ಕೆ ಚಾಚಿದ ಕೈಯಲ್ಲಿ ಬಟ್ಟೆಯ ಮೂಲೆಯನ್ನು ಮುಷ್ಟಿ ಬಿಗಿದು ಹಿಡಿದಳು. ಬೆನ್ನ ಹಿಂದೆ ಗುಂಡಿಗಳು ಒಂದೊಂದಾಗಿ ಬಿಚ್ಚಿಕೊಳ್ಳುವ ಸದ್ದಾಗುತ್ತಿತ್ತು. ಭುಜ ಸೆಳೆಯತೊಡಗಿತು. ಅವಳು ಕಣ್ಣನ್ನೂ ಮುಚ್ಚಿಕೊಂಡಳು.