ಕಣಗಿಲೆ ಹೂವಿನ ಬಕೆಟ್ಟು

ಮರೆಪ್ಪ ಗೇಟು ತೆಗೆದದ್ದೇ ತಡ, ಜಗದಾಂಬಾ ಅವನ ಮೇಲೆ ಹರಿಹಾಯ್ದರು.

"ನೀನು ತಂದಿಟ್ಟ ಮನಿ ಪ್ಲಾಂಟ್ ತಿಂದು ನಾಯಿ ಸಾಯ್ತಾ ಇದೆ ಕಣಯ್ಯ. ಬೆಳಗ್ಗಿಂದ ನಾಲ್ಕು ಸಲ ವಾಂತಿ. ಇನ್ನು ಈ ಮನೆಗೆ ಕಾಲಿಡಬೇಡ."

ಎರಡು ಸಾವಿರದ ಐದರಲ್ಲಿ ಆರ್‌ಪಿಸಿ ಲೇಔಟಿನ ಹನ್ನೆರಡು ಮನೆಗಳ ಕುಂಡಗಳು ಮರೆಪ್ಪನ ಕೈಯಲ್ಲಿದ್ದವು. ಗಿಡದ ವಿಷಯದಲ್ಲಿ ಅವನಿಗೆ ಯಾರೂ ಎದುರಾಡುತ್ತಿರಲಿಲ್ಲ; ಆಡಿದವರನ್ನು ಅವನು ಸುಮ್ಮನೆ ಬಿಡುತ್ತಿರಲಿಲ್ಲ. ವರಾಂಡದ ಮೂಲೆಯಲ್ಲಿ ಗುಂಡ ಜೊಲ್ಲು ಸುರಿಸುತ್ತ ಬಿದ್ದಿತ್ತು. ಪ್ರತಿ ಗುರುವಾರ ಗೇಟಿನವರೆಗೆ ಕುಣಿದು ಬರುತ್ತಿದ್ದ ನಾಯಿ ಬಾಲವನ್ನೂ ಅಲ್ಲಾಡಿಸಲಿಲ್ಲ.

"ಸುಮ್ನಿರ್ರಿ ಅಕ್ಕಾ. ನಾಯಿ ಬಂದ ದಿನಾನ ಅದನ್ನ ಮ್ಯಾಲೆ ನೇತು ಹಾಕೀನಿ. ನಿಮ್ಮ ಕೈಗೇ ಸಿಗಂಗಿಲ್ಲ, ಅದರ ಬಾಯಿಗೆ ಸಿಗತೈತೇನು?"

ಆದರೂ ಕುಂಡಗಳನ್ನು ಒಂದೊಂದಾಗಿ ನೋಡಿದ. ಯಾವ ಎಲೆಗೂ ಹಲ್ಲು ತಾಗಿರಲಿಲ್ಲ. ಗೆದ್ದೆನೆಂದು ತಿರುಗಿದವನ ಕಣ್ಣು ನಲ್ಲಿಯ ಪಕ್ಕದ ಬಕೆಟ್ಟಿನ ಮೇಲೆ ಬಿತ್ತು. ಅದರ ನೀರಿನಲ್ಲಿ ಸೋಮವಾರದ ಪೂಜೆಯ ಕಣಗಿಲೆ ಕೊಳೆಯುತ್ತಿತ್ತು. ಲಿಂಗಕ್ಕೆ ಏರಿಸಿದ ಹೂವನ್ನು ಯಾರೂ ತುಳಿಯಬಾರದೆಂದು ಜಗದಾಂಬಾ ಕಸಕ್ಕೆ ಹಾಕುತ್ತಿರಲಿಲ್ಲ. ಬಕೆಟ್ಟಿನಲ್ಲಿ ನೆನೆಹಾಕಿಡಿ, ಗುರುವಾರ ಬಂದು ಗಿಡದ ಬುಡಕ್ಕೆ ಹೊಯ್ಯುತ್ತೇನೆ ಎಂದು ಹೇಳಿಕೊಟ್ಟವನು ಅವನೇ. ಸುತ್ತ ಚೆಲ್ಲಿದ ನೀರಿನಲ್ಲಿ ಗುಂಡನ ಹೆಜ್ಜೆಗಳಿದ್ದವು.

ಊರಲ್ಲಿ ಕಣಗಿಲೆ ಮೇಯ್ದು ಸತ್ತ ಆಡನ್ನು ಹೂಳಿದವನು ಅವನು. ಈಗ ಬಕೆಟ್ಟನ್ನು ಮೋರಿಗೆ ಬಗ್ಗಿಸಿದರೆ ತಪ್ಪು ಯಾರದ್ದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮರೆಪ್ಪ ಎರಡು ಹೂವು ಎತ್ತಿ ಕವರಿಗೆ ಹಾಕಿಕೊಂಡ.

"ಗಿಡ ಅಲ್ಲ ಅಕ್ಕಾ, ಈ ಹೂವಿನ ನೀರು ಕುಡದೈತಿ. ತಪ್ಪು ನಂದು. ಬೈಯೋದು ಆಮ್ಯಾಲೆ ಬೈರಿ, ಮೊದಲು ಆಟೋ ಕರೀರಿ."

ಮಾರೇನಹಳ್ಳಿಯ ಪಶುವೈದ್ಯರು ನಾಯಿಯ ಎದೆಬಡಿತ ಕೇಳಿ, ಕವರಿನೊಳಗೆ ನೋಡಿದರು.

"ಇದನ್ನ ತಂದಿದ್ದು ಒಳ್ಳೇದಾಯ್ತು. ಇಲ್ದಿದ್ರೆ ವಾಂತಿಗೆ ಔಷಧಿ ಕೊಟ್ಟು ಕಳಿಸಿಬಿಡ್ತಿದ್ದೆ. ಇದು ಹೃದಯಕ್ಕೇ ಕೈ ಹಾಕುತ್ತೆ," ಎನ್ನುತ್ತಲೇ ಡ್ರಿಪ್ ಏರಿಸಿದರು.

ಮರೆಪ್ಪ ಬಾಟಲಿ ಎತ್ತಿ ಹಿಡಿದು ನಿಂತ. ಉಳಿದ ಮನೆಗಳ ಗಿಡ ಒಂದು ದಿನ ಒಣಗಿದರೆ ಒಣಗಲಿ. ಸಂಜೆ ಹೊತ್ತಿಗೆ ಗುಂಡ ತಲೆಯೆತ್ತಿ ಅವನ ಕೈ ನೆಕ್ಕಿತು.

ಸೋಮವಾರ ಅವನು ಯಾರೂ ಕರೆಯದೆಯೇ ಬಂದ, ಕೈಯಲ್ಲಿ ಬಿಗಿ ಮುಚ್ಚಳದ ಡಬ್ಬಿ.

"ಕಾಲಿಡಬೇಡ ಅಂದಿದ್ದೆ," ಎಂದರು ಜಗದಾಂಬಾ.

"ಹೂವು ಇದರಾಗ ಹಾಕಿಡ್ರಿ, ನೀರು ಬ್ಯಾಡ. ಗುರುವಾರ ಒಯ್ದು ದೂರ ಹೂಳ್ತೀನಿ, ಯಾರೂ ತುಳಿಯಂಗಿಲ್ಲ. ಮುಚ್ಚಳ ತೆಗೆದಿಟ್ರ ಮಾತ್ರ ನಾ ಬೈತೀನಿ."

"ನಾನು ಬೈಯೋದೇ ಇನ್ನೂ ಬಾಕಿ ಇದೆ ಕಣಯ್ಯ," ಎಂದು ಅವರು ಡಬ್ಬಿ ಈಸಿಕೊಂಡರು.